ಅವ್ವ ಮನೆ ಮಾರಿದ ಮಧ್ಯಾಹ್ನ

ಡೊಂಬಿವಲಿಯ ಮನೆ ಮಾರುವ ಮಾತೆತ್ತಿದವನು ಅಣ್ಣ. ಬೇಡವೇ ಬೇಡವೆಂದು ಕುಣಿದವಳು ನಾನು. ಮನೆ ಇದ್ದದ್ದು ಅವ್ವನ ಹೆಸರಿನಲ್ಲಿ. ಅವಳನ್ನೊಂದು ಮಾತು ಕೇಳಬೇಕೆಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅಪ್ಪನಿಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಅಪ್ಪನದು ಭಾರೀ ಮೈ, ಅವ್ವನೋ ಗುಬ್ಬಿಯಂಥವಳು. ರೋಗಿಯನ್ನು ನೋಡಿಕೊಳ್ಳಲು ಬ್ಯೂರೋದವರು ಕಳಿಸಿದ ಮಾವಶಿಯರಲ್ಲಿ, ಅಂದರೆ ಆಯಾಗಳಲ್ಲಿ, ಒಬ್ಬಳೂ ನಿಲ್ಲಲಿಲ್ಲ. ಒಬ್ಬಳಂತೂ ಊರಿಗೆ ಹೋಗಿ ಬರ್ತೀನಿ ಎಂದವಳು ಆಮೇಲೆ ಫೋನನ್ನೇ ಎತ್ತಲಿಲ್ಲ. ಮಗ್ಗಲು ಹೊರಳಿಸುವುದು, ಮೈ ಒರೆಸುವುದು, ಉಣಿಸುವುದು ಎಲ್ಲ ಅವ್ವನ ಪಾಲಿಗೇ ಬಂತು.

ಸೀವುಡ್ಸ್‌ನಲ್ಲಿರುವ ಅಣ್ಣ ಪನವೇಲ್ ಕಡೆ ಒಂದು ಜಾಗ ನೋಡಿ ಬಂದ. ಇಬ್ಬರಿಗೂ ಒಂದೇ ಕೋಣೆ, ಹಗಲೂ ರಾತ್ರಿ ನರ್ಸು. ಆ ಖರ್ಚು ತೂಗಿಸಬೇಕೆಂದರೆ ಮನೆ ಮಾರಲೇಬೇಕು.

“ಅದು ವೃದ್ಧಾಶ್ರಮ ಅಲ್ಲ ತಂಗಿ, ಕೇರ್ ಸೆಂಟರ್,” ಅಂದ ಫೋನಿನಲ್ಲಿ.

“ಇಂಗ್ಲಿಷಿನ್ಯಾಗ ಹೆಸರಿಟ್ಟರ ಆಶ್ರಮ ಅಲ್ಲಂದಂಗ ಆತೇನು? ಹಡದವರನ್ನ ಅಲ್ಲಿ ಬಿಟ್ಟು ಬರಾಕ ನಾಚಿಕಿ ಬರಂಗಿಲ್ಲ ನಿನಗ?”

“ಹಂಗಾರ ನೀನ ಬಂದು ಎತ್ತು! ಠಾಣೆದಾಗ ಕುಂತು ಹೇಳೂದು ಆಚಾರ, ತಿನ್ನೂದು ಬದನಿಕಾಯಿ.”

ಫೋನ್ ಕುಕ್ಕಿ ಅತ್ತೆ. ನಾನು ಹುಟ್ಟಿ ಬೆಳೆದದ್ದು ಆ ಎರಡು ಕೋಣೆಗಳಲ್ಲೇ. ವಿಜಾಪುರದ ಕಡೆಯ ಅಪ್ಪನ ಊರು ನನಗೆ ಹೆಸರಿಗಷ್ಟೇ ಊರು. ಡೊಂಬಿವಲಿ ಸ್ಟೇಷನ್ನಿನ ನೂಕುನುಗ್ಗಲಲ್ಲಿ ಇಳಿದಾಗಲೇ ನನಗೆ ತವರಿಗೆ ಬಂದೆ ಅನ್ನಿಸುವುದು. ಅದನ್ನು ಮಾರಿದರೆ ನಾನೆಲ್ಲಿಗೆ ಹೋಗಲಿ?

ಒಂದು ಭಾನುವಾರ ನಾನು ಅಲ್ಲಿದ್ದಾಗಲೇ ಅಣ್ಣ ಏಜೆಂಟನನ್ನೂ ಮನೆ ಕೊಳ್ಳುವ ಒಂದು ‘ಪಾರ್ಟಿ’ಯನ್ನೂ ಕರೆದುಕೊಂಡು ಬಂದ. ಮರಾಠಿ ಗಂಡ ಹೆಂಡತಿ, ಸಣ್ಣ ವಯಸ್ಸು. ಲಿಫ್ಟಿಲ್ಲದ ಕಟ್ಟಡ, ತುಂಬಿದ ಬಸುರಿ ಏದುಸಿರು ಬಿಡುತ್ತಾ ಬಂದು ಕುಳಿತಳು. ನಾನು ಮುಖ ಗಂಟು ಹಾಕಿಕೊಂಡೇ ನೀರು ಕೊಟ್ಟೆ. ಅವ್ವ ಅಡುಗೆಮನೆಗೆ ಹೋದಳು. ಚಹಾಕ್ಕೆ ಇಟ್ಟಳೆಂದುಕೊಂಡೆ.

ಬಂದದ್ದು ಚಹಾ ಅಲ್ಲ. ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಒಂದು ಹೊಸ ಕುಪ್ಪಸದ ಖಣ. ಅವ್ವ ಆ ಹುಡುಗಿಯ ಹಣೆಗೆ ಕುಂಕುಮ ಹಚ್ಚಿ, “ಪದರ್ ಪುಢೆ ಕರ್, ಬಾಳಾ,” ಎಂದಳು, ಸೆರಗು ಮುಂದೆ ಮಾಡು ಮಗಳೇ ಅಂತ. ಮರಾಠಿ ಮಂದಿಗೆ ಉಡಿ ತುಂಬುವುದೆಂದರೆ ಏನೆಂದು ಹೇಳಿಕೊಡಬೇಕೇ? ಹುಡುಗಿ ದುಪಟ್ಟಾ ಒಡ್ಡಿ ಎದ್ದು ನಿಂತಳು. ಅವ್ವ ಮಗಳಿಗೆ ತುಂಬಿದ ಹಾಗೆ ತುಂಬಿ, ಇದೇ ಮನೆಯಲ್ಲಿ ತೊಟ್ಟಿಲು ಕಟ್ಟು ಎಂದು ಹರಸಿದಳು. ಹುಡುಗಿಯ ಕಣ್ಣು ತುಂಬಿತು. ಗಂಡ ಅವ್ವನ ಕಾಲಿಗೆ ಬಿದ್ದ. ಏಜೆಂಟ್ “ಪಕ್ಕಾ!” ಅಂದುಬಿಟ್ಟ. ದರದ ಮಾತೇ ಇನ್ನೂ ಆಗಿರಲಿಲ್ಲ. ಅಣ್ಣನೂ ಬೆಪ್ಪಾಗಿ ನಿಂತಿದ್ದ.

ಅವರು ಮೆಟ್ಟಿಲಿಳಿದದ್ದೇ ತಡ, ನಾನು ಹರಿಹಾಯ್ದೆ. “ಏನ ಮಾಡಿದಿ ಯವ್ವಾ? ಯಾರೋ ಬಂದಾಕಿ ಉಡಿಯೊಳಗ ನನ್ನ ತವರುಮನಿ ಹಾಕಿ ಕಳಿಸಿದೆಲ್ಲ!”

“ಗೊತ್ತಿದ್ದ ಹಾಕೀನಿ,” ಎಂದಳು ಅವ್ವ. ಅಪ್ಪನ ಹೊದಿಕೆ ಸರಿಮಾಡುತ್ತಲೇ ಇದ್ದಳು. “ಇವತ್ತ ಮುಂಜಾನಿ ಹೊರಳಿಸೂ ಮುಂದ ನನ್ನ ಕೈ ಜಾರಿತು. ಅವರ ಹಣಿ ಗ್ವಾಡಿಗೆ ಬಡೀತು. ಅಯ್ಯೋ ಅನ್ನಾಕೂ ಬರಲಿಲ್ಲ ಅವರಿಗೆ. ನನ್ನ ಮುಖಾನ ನೋಡಿದರು.”

ಹತ್ತಿರ ಹೋಗಿ ನೋಡಿದೆ. ಕೂದಲಿನ ಅಂಚಿನಲ್ಲಿ ಊದಿಕೊಂಡಿತ್ತು.

“ನಿನಗ ತವರು ಬೇಕು. ಇವನಿಗೆ ಚಿಂತಿ ಕಳೀಬೇಕು. ನನಗ ಇವರು ಬೇಕಾಗ್ಯಾರ, ಮಗಳ.”

ಅಣ್ಣ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಅವನು ಅತ್ತದ್ದನ್ನು ನೋಡಿ ವರ್ಷಗಳಾಗಿದ್ದವು.

ಅವರಿಬ್ಬರೂ ಪನವೇಲ್‌ಗೆ ಹೋದ ಮೇಲೆ ಮೊದಲ ಸಲ ನೋಡಲು ಹೊರಟಾಗ ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಏನಾದರೂ ಕೊರತೆ ಕಂಡರೆ ಅಣ್ಣನ ಜೊತೆ ಮತ್ತೆ ಜಗಳ ತೆಗೆಯುವ ಹುರುಪೂ ಇತ್ತು. ಠಾಣೆಯಿಂದ ಲೋಕಲ್ ಹಿಡಿದು, ಆಮೇಲೆ ರಿಕ್ಷಾದಲ್ಲಿ ಕುಲುಕಾಡಿ ಹೋದೆ. ನರ್ಸು ಆಗಲೇ ಅಪ್ಪನ ಮೈ ಒರೆಸಿ, ಬಟ್ಟೆ ಬದಲಿಸಿ, ಮಗ್ಗಲಿಗೆ ಮಲಗಿಸಿ ಹೋಗಿದ್ದಳು. ಅವ್ವ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಿದ್ದಳು. ಅವಳ ಕೈ ಅಪ್ಪನ ಎಡಗೈಯಲ್ಲಿತ್ತು. ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು.

ನನ್ನನ್ನು ಕಂಡು ಕೈ ಬಿಡಿಸಿಕೊಳ್ಳಲಿಲ್ಲ. “ಇಷ್ಟ ದಿನ ಬರೇ ಎತ್ತೂದು ಇಳಿಸೂದ ಆಗಿತ್ತವಾ. ಇವರ ಕೂಡ ಹಿಂಗ ಕುಂತ ಇದ್ದಿಲ್ಲ.”

ನಾನು ಸ್ಟೂಲು ಎಳೆದೆ.

“ನೀ ಸ್ವಲ್ಪ ಹೊರಗ ಕೂಡು,” ಎಂದಳು ಅವ್ವ, ನಾಚಿಕೊಂಡವಳ ಹಾಗೆ. “ನಾವಿಬ್ರೂ ಮಾತಾಡಾಕತ್ತೇವಿ.”

ನಾನು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ.