ಎಡಸುತ್ತಿನ ಆಟ

ಲಕ್ವ ಹೊಡೆದು ನಮ್ಮ ಯಜಮಾನರ ಬಲಗೈ ಬಿದ್ದುಹೋಗಿ ಐದು ತಿಂಗಳಾಗಿತ್ತು. ತುತ್ತು ನಾನೇ ಇಡುತ್ತಿದ್ದೆ. ಮದುವೆಯಾದಾಗಿನಿಂದ ತಾವು ಕುಡಿದ ನೀರಿನ ಚೊಂಬನ್ನೂ ಎತ್ತಿಡದ ಮನುಷ್ಯ. ಆ ಕೈ ಬಿದ್ದದ್ದರಿಂದ ಮನೆಗೆಲಸವೇನೂ ನಿಲ್ಲಲಿಲ್ಲ. ಆದರೆ ನಾನು ತಿನ್ನಿಸುವಾಗ ಅವರು ಗೋಡೆ ನೋಡುತ್ತಿದ್ದರು. ಅದು ನನಗೂ ಸೇರುತ್ತಿರಲಿಲ್ಲ.

ಕೊಟ್ಟೂರಿನ ಡಾಕ್ಟರು ಹಿಚುಕಲು ರಬ್ಬರ್ ಚೆಂಡು ಕೊಟ್ಟರು. ಆಡಿಸದಿದ್ದರೆ ಬೆರಳು ಹಾಗೇ ಸೆಟೆದುಕೊಳ್ಳುತ್ತವೆ ಎಂದರು. "ನಾ ಏನ್ ಕೂಸೇನು?" ಎಂದು ಇವರು ಚೆಂಡನ್ನು ಮಂಚದ ಕೆಳಗೆ ಉರುಳಿಸಿದರು. ಸರಿ, ದೊಡ್ಡವರು.

ಹರಪನಹಳ್ಳಿಯಿಂದ ಬಂದ ಮಗಳು, ತಾನು ಚಿಕ್ಕವಳಿದ್ದಾಗ ಆಡುತ್ತಿದ್ದ ವಿಡಿಯೋ ಗೇಮನ್ನು ಅಟ್ಟದಿಂದ ಇಳಿಸಿದಳು. ಕ್ಯಾಸೆಟ್ಟಿನ ಧೂಳು ಊದಿ ಸಿಗಿಸಿ, ಹಳೆಯ ಡಬ್ಬಾ ಟಿವಿಗೆ ಜೋಡಿಸಿದಳು. ಕೂಸಲ್ಲದ ಮನುಷ್ಯ ತಟ್ಟನೆ ಎದ್ದು ಕೂತರು.

ಬೇಸ್‌ಬಾಲ್ ಅಂತೆ. ಕ್ರಿಕೆಟ್ಟಿನ ಹಾಗೇ, ವಿಕೆಟ್ ನೆಡಲು ಮರೆತಿದ್ದಾರೆ. ಒನಕೆಯಂಥ ಕೋಲು. ನಾಲ್ಕು ಮೂಲೆಗೆ ನಾಲ್ಕು ಬಿಳಿ ದಿಂಬು. ಹೊಡೆದವನು ಅವನ್ನೆಲ್ಲ ಸುತ್ತಿ ಹೊರಟಲ್ಲಿಗೇ ಬರಬೇಕು. ಅಲ್ಲೇ ನಿಂತಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳಿದಂತಿಲ್ಲ.

ಮಗಳು ಊರಿಗೆ ಹೋದ ಮೇಲೆ ಎದುರಾಳಿ ನಾನೇ. ಇಬ್ಬರಿಗೂ ಒಂದೊಂದು ಗುಂಡಿಯ ರಿಮೋಟು. ಅವರು ಎಡಗೈಯಲ್ಲಿ ಗುಂಡಿ ಒತ್ತಿ ಚೆಂಡು ಎಸೆಯುವುದು, ನಾನು ಹೊಡೆಯುವುದು. ಅವರ ಬಲಗೈ ತೊಡೆಯ ಮೇಲೆ ಬೀಗರ ಹಾಗೆ ಸುಮ್ಮನೆ ಕೂತಿರುತ್ತಿತ್ತು. ನನ್ನದು ಐವತ್ತು ವರ್ಷ ರೊಟ್ಟಿ ಬಡಿದ ಕೈ. ಯಾವಾಗ ಬಡಿಯಬೇಕೆಂದು ಅದಕ್ಕೆ ಹೇಳಿಕೊಡಬೇಕಿಲ್ಲ. ಮೂರನೇ ಚೆಂಡನ್ನೇ ದೂರ ಹೊಡೆದೆ. ನನ್ನ ಆಟಗಾರ ಮೊದಲ ದಿಂಬಿಗೆ ತಾನೇ ಓಡಿ ನಿಂತ. ಮುಂದೆ ಓಡಿಸಲು ಗುಂಡಿ ಒತ್ತಬೇಕು. ನಾನು ಒತ್ತಲಿಲ್ಲ.

"ಓಡ್ಸು. ಚೆಂಡು ಇನ್ನಾ ಗ್ವಾಡಿ ಹತ್ರ ಐತಿ."

"ಓಡ್ಸಂಗಿಲ್ರಿ. ಇದು ಎಡಸುತ್ತು."

ಗುಡಿ ಸುತ್ತುವಾಗ ದೇವರು ನಮ್ಮ ಬಲಗೈಗೆ ಇರಬೇಕು. ಈ ಆಟದವರು ಅಂಗಳವನ್ನು ಎಡಗೈಗೆ ಇಟ್ಟುಕೊಂಡು ಓಡುತ್ತಾರೆ. ಹಾಗೆ ಸುತ್ತುವುದು ಹೆಣವನ್ನು. ಗಂಡ ಹಾಸಿಗೆ ಹಿಡಿದಿರುವ ಮನೆಯಲ್ಲಿ ನಾನೇ ಕೈಯಾರೆ ಅದನ್ನು ಮಾಡಬೇಕೇ?

"ಓಡಾವ ಟಿವಿ ಒಳಗಿನ ಮನಷಾ. ನೀ ಅಲ್ಲ."

"ಗುಂಡಿ ಒತ್ತಾಕಿ ನಾನಲ್ಲೇನ್ರಿ?"

"ಹಂಗಾರ ಸೋಲ್ತಿ."

"ಸೋಲ್ತೀನಿ. ಮದ್ವಿ ಆದಾಗಿಂದ ಅದನ್ನ ಮಾಡೀನಿ."

ನಾಲ್ಕು ದಿನ ಅವರೇ ಗೆದ್ದರು. ಐದನೇ ದಿನಕ್ಕೆ ಬಿಟ್ಟಿ ಗೆಲುವು ರುಚಿ ಕೆಟ್ಟಿತು. ನಾನು ಮತ್ತೆ ದೂರ ಹೊಡೆದು, ರಿಮೋಟನ್ನು ಮಡಿಲಲ್ಲಿಟ್ಟು ಕೂತೆ. ಅವರ ಬಲಕ್ಕೆ ಕೂತಿದ್ದೆ, ಅವರ ಎಡಗೈಯಲ್ಲಿ ಅವರ ರಿಮೋಟಿತ್ತು. "ಮಳ್ಳಿ," ಎಂದು ಬೈದು, ಆ ಸತ್ತ ಕೈಯನ್ನು ಎಳೆದು ತಂದು, ಹೆಬ್ಬೆರಳಿನಿಂದ ನನ್ನ ಗುಂಡಿ ಒತ್ತಿದರು.

ನನ್ನವನು ಓಡಿದ. ಇಬ್ಬರೂ ಟಿವಿ ನೋಡಲಿಲ್ಲ, ಆ ಹೆಬ್ಬೆರಳನ್ನೇ ನೋಡಿದೆವು. ಡಾಕ್ಟರಿಗೆ ಏಳಲಿಲ್ಲ, ನನ್ನ ಹರಕೆಗೆ ಏಳಲಿಲ್ಲ, ಹೆಂಡತಿಯನ್ನು ತಿದ್ದುವುದಕ್ಕೆ ಎದ್ದಿತು. ಹಳೆಯ ಅಭ್ಯಾಸ.

ಮಧ್ಯಾಹ್ನ ತಾಟು ಮುಂದಿಟ್ಟು, ರೊಟ್ಟಿ ಮುರಿಯದೆ ಎದ್ದೆ.

"ತಿನ್ಸಂಗಿಲ್ಲೇನು?"

"ನನ್ನ ಗುಂಡಿ ಒತ್ತಾಕ ಬರ್ತೈತಿ. ರೊಟ್ಟಿ ಮುರಿಯಾಕೂ ಬರ್ತೈತಿ."

ಬಹಳ ಹೊತ್ತು ಹಿಡಿಯಿತು. ಪಲ್ಯ ಅಂಗಿಯ ಮೇಲೆ ಬಿತ್ತು. ಅರ್ಧ ರೊಟ್ಟಿ ತಿಂದರು, ಗೋಡೆ ನೋಡಲಿಲ್ಲ. ಉಪ್ಪು ಕಡಿಮೆ ಎಂದರು.

ಈಗಲೂ ದಿನಾ ಆಡುತ್ತೇವೆ. ಹೊಡೆಯುವುದು ನಾನು, ಓಡಿಸುವುದು ಅವರ ಬಲಗೈ. ಪ್ರತಿ ಸಲವೂ ಮಳ್ಳಿ ಎನ್ನಿಸಿಕೊಳ್ಳುತ್ತೇನೆ. ಎಡಸುತ್ತಿನ ಭಯ ನನಗೆ ಆ ದಿನವೇ ಹೋಯಿತು. ಅವರಿಗೆ ಹೇಳಿಲ್ಲ. ಹೇಳಿದರೆ ನಾನೇ ಓಡಿಸಬೇಕಾಗುತ್ತದೆ.