ರೂತ ಮರೆತ ಪ್ರಾರ್ಥನೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಬೆಳಗಾವಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದವಳು ನಾನು. ದೇವರಲ್ಲಿ ನಂಬಿಕೆ ಇರಲಿಲ್ಲವೆಂದಲ್ಲ. ಆದರೆ ದೇವರು ಕನಸಿನಲ್ಲಿ ಬಂದ, ಕಿವಿಯಲ್ಲಿ ಹೇಳಿದ ಎನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹೊಟ್ಟೆತುಂಬ ಉಂಡು ಮಲಗಿ, ಎಲ್ಲ ಸರಿಹೋಗುತ್ತದೆ ಎಂದು ಮುಖದ ಮೇಲೆಯೇ ಹೇಳಿಬಿಡುತ್ತಿದ್ದೆ. ಈಗ ನಾನೇ ಒಂದು ಸಂಗತಿ ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಅವ್ವ ಮತ್ತು ನಾನು ಬೆಳಗಾವಿಯ ಶಹಾಪುರದಲ್ಲಿ ನೇಕಾರರ ಓಣಿಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ತಮ್ಮ ವಸಂತ ಖಾನಾಪುರದ ಹೆಂಚಿನ ಕಾರ್ಖಾನೆಯೊಂದರಲ್ಲಿ ಭಟ್ಟಿ ನೋಡಿಕೊಳ್ಳುತ್ತ ಅಲ್ಲೇ ಖೋಲಿ ಹಿಡಿದಿದ್ದ. ಆ ವರ್ಷ ಭಟ್ಟಿಯ ಗೋಡೆ ಕುಸಿದು ಕೆಲಸದವನೊಬ್ಬ ತೀರಿಕೊಂಡ. ವಸಂತನ ತಪ್ಪೇನೂ ಇರಲಿಲ್ಲ. ತೀರಿಕೊಂಡವನ ಮನೆಯವರೂ ಅವನನ್ನು ಒಂದು ಮಾತು ಅನ್ನಲಿಲ್ಲ. ಆದರೂ ಅವನು ಯಾರೊಡನೆಯೂ ಮಾತಾಡದಾದ, ಮನೆಗೆ ಬರುವುದನ್ನೂ ಬಿಟ್ಟ.

ಒಂದು ಶನಿವಾರ ಸಂಜೆ ಅವನ ಕಾರ್ಖಾನೆಯ ಗೆಳೆಯನೊಬ್ಬ ಖಾನಾಪುರದಿಂದ ಬಂದ. ವಸಂತ ಎರಡು ದಿನದಿಂದ ಕೆಲಸಕ್ಕೆ ಬಂದಿಲ್ಲ, ಖೋಲಿಗೆ ಬೀಗ ಹಾಕಿದೆ, ಇಲ್ಲಿಗೆ ಬಂದಿದ್ದಾನೆಯೇ ಎಂದು ಕೇಳಿದ. ಬಂದಿಲ್ಲ ಎಂದೆ. ತಾನು ವಾಪಸು ಹೋಗಿ ಹುಡುಕುವುದಾಗಿಯೂ ನಾವು ನಾಳೆ ಬರಬೇಕೆಂದೂ ಹೇಳಿ ಅವನು ಹೊರಟ. ಅವ್ವ ಒಳಗೆ ಹೋಗಿ ಮೊಣಕಾಲೂರಿ ಪ್ರಾರ್ಥಿಸಿದಳು. ಆಮೇಲೆ ಎದ್ದು ಬಂದು ಹಾಸಿಗೆ ಹಾಸತೊಡಗಿದಳು. ಹೀಗೆ ಮಲಗಿದರೆ ಹೇಗೆ, ಪಾದ್ರಿಗಳಿಗಾದರೂ ತಿಳಿಸೋಣ ಎಂದು ನಾನು ರೇಗಿದೆ.

"ಹೇಳಬೇಕಾದವರಿಗೆ ಹೇಳೇನಿ," ಎಂದಳು ಅವ್ವ. "ಇನ್ನ ಮಂದಿಗೆಲ್ಲಾ ಹೇಳೂದು ಬ್ಯಾಡ. ಮಲ್ಕೋ."

ಹೇಳಿದವಳೇ ನಿದ್ದೆ ಹೋದಳು. ಅಪ್ಪನ ಹೆಗಲ ಮೇಲೆ ಮಗು ಮಲಗುತ್ತದಲ್ಲ, ಹಾಗೆ. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರಾತ್ರಿಯಿಡೀ ಎದ್ದು ಕೂತಿದ್ದೆ.

ಮರುದಿನ ನಮ್ಮ ಚರ್ಚಿನಲ್ಲಿ ಮಕ್ಕಳ ಭಾನುವಾರ. ವರ್ಷಕ್ಕೊಮ್ಮೆ ಆ ದಿನ ಮಕ್ಕಳೇ ಆರಾಧನೆ ನಡೆಸುತ್ತಾರೆ, ದೊಡ್ಡವರು ಸುಮ್ಮನೆ ಕೂತು ಕೇಳಬೇಕು. ಸಂಡೇಸ್ಕೂಲು ನನ್ನ ಕೈಯಲ್ಲಿತ್ತು. ಮೊದಲು ಖಾನಾಪುರಕ್ಕೆ ಹೋಗೋಣ ಎಂದರೆ ಅವ್ವ ಕೇಳಲಿಲ್ಲ. ಮಕ್ಕಳು ದಾರಿ ಕಾಯುತ್ತಾರೆ, ಮಧ್ಯಾಹ್ನದ ಗಾಡಿಗೆ ಹೋದರಾಯಿತು ಎಂದಳು. ಮಕ್ಕಳ ಪ್ರಾರ್ಥನೆಗಳನ್ನೆಲ್ಲ ನಾನೇ ಬರೆದು ಬಾಯಿಪಾಠ ಮಾಡಿಸಿದ್ದೆ. "ಸರ್ವಶಕ್ತನೂ ಕೃಪಾಸಾಗರನೂ ಆದ ತಂದೆಯೇ" ಎಂದು ಶುರುವಾಗುವ ಭಾರಿ ಭಾರಿ ಮಾತುಗಳು. ದೊಡ್ಡವರಿಗೇ ನಾಲಿಗೆ ಹೊರಳುವುದು ಕಷ್ಟವಿತ್ತು.

ಊರಿನ ಕ್ಯಾಂಪ್ ಭಾಗದ ಬೇಕರಿಯೊಂದರಲ್ಲಿ ಕೆಲಸ ಮಾಡುವವರ ಮಗಳು ರೂತ, ಆಗಷ್ಟೇ ಶಾಲೆಯಲ್ಲಿ ಒಂದನೇ ಇಯತ್ತೆ ಸೇರಿದವಳು, ಸ್ಟೂಲಿನ ಮೇಲೆ ನಿಂತು "ಸರ್ವಶಕ್ತನೂ" ಎಂದು ಅಲ್ಲಿಗೇ ನಿಂತುಬಿಟ್ಟಳು. ನಾನು ಮುಂದಿನ ಬೆಂಚಿನಿಂದ ಪಿಸುಗುಟ್ಟಿದೆ. ಉಪಯೋಗವಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ ತನ್ನಷ್ಟಕ್ಕೆ ತಾನು ಶುರು ಮಾಡಿದಳು.

"ಯೇಸಪ್ಪಾ, ನಮ್ಮ ಅಜ್ಜಿ ಹಲ್ಲು ಭಾಳ ನೋಯಾಕತ್ತೇತಿ, ಆರಾಮ ಮಾಡು. ಮತ್ತ ಅಲ್ಲಿ ಹೊಳಿಯಾಗ ಒಬ್ಬ ಮಾಮಾ ಚಪ್ಪಲ್ ಬಿಚ್ಚಿಟ್ಟು ನಿಂತಾನ. ಅವಂಗ ಥಂಡಿ ಹತ್ತೇತಿ. ಚಪ್ಪಲ್ ಹಾಕ್ಕೊಂಡು ಮನಿಗಿ ಹೋಗು ಅಂತ ಹೇಳು."

ಅಜ್ಜಿಯ ಹಲ್ಲಿಗೆ ನಕ್ಕವರು ಮಾಮಾನ ಮಾತಿಗೂ ನಕ್ಕರು. ನಾನು ಮಾತ್ರ ನನ್ನ ಪ್ರಾರ್ಥನೆ ಕೆಟ್ಟಿತಲ್ಲ ಎಂಬ ಸಂಕಟದಲ್ಲಿದ್ದೆ. ಪಕ್ಕದಲ್ಲಿದ್ದ ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಎಲ್ಲಿಗೆ ಎಂದೆ. ವಸಂತ ಬರುತ್ತಾನೆ, ಅಡಿಗೆ ಮಾಡಬೇಕು ಎಂದು ಹೇಳಿ ನಡೆದೇಬಿಟ್ಟಳು.

ನಾನು ಮನೆ ಮುಟ್ಟಿ, ಸ್ಟೇಶನ್ನಿಗೆ ಹೋಗಲು ಅವ್ವನನ್ನು ಅವಸರಪಡಿಸುತ್ತಿದ್ದಾಗ ಅವನು ಬಂದ. ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು. ಅವ್ವ ಏನೂ ಕೇಳದೆ ಕೈಕಾಲಿಗೆ ನೀರು ಕೊಟ್ಟು ಎಲ್ಲರಿಗೂ ಬಡಿಸಿದಳು. ಉಂಡಾದ ಮೇಲೆ ಅವನೇ ಹೇಳಿದ. ಎರಡು ರಾತ್ರಿ ನಡುದಾರಿಯ ದೇಸೂರ ಸ್ಟೇಶನ್ನಿನಲ್ಲಿ ಕಳೆದು, ಬೆಳಗ್ಗೆ ತಿರುಗಿ ಖಾನಾಪುರಕ್ಕೆ ಹೋಗಿ ಮಲಪ್ರಭೆಯ ದಂಡೆಗೆ ಇಳಿದಿದ್ದನಂತೆ.

"ನೀವು ಚರ್ಚಿನ್ಯಾಗ ಇರೂ ಹೊತ್ತು ನೋಡೇ ಹೋಗಿದ್ದೆ," ಎಂದ. "ಚಪ್ಪಲ್ ಬಿಚ್ಚಿಟ್ಟು ನೀರಿಗೆ ಇಳದೆ. ಅಷ್ಟರಾಗ ಕಾಲಿಗೆ ಥಂಡಿ ಹತ್ತಿತು. ಖರೇ ಹೇಳ್ತೀನಿ ಅಕ್ಕಾ, ಥಂಡಿ ಹತ್ತಿತು ಅಂತ ಹೊರಗ ಬಂದೆ. ಬ್ಯಾರೆ ಏನೂ ಇಲ್ಲ."

ನಾನು ಅಡಿಗೆಮನೆಗೆ ಹೋಗಿ ಗೋಡೆ ಹಿಡಿದು ಅತ್ತೆ.

ಆಮೇಲೆ ಎಷ್ಟೋ ತಲೆ ಕೆಡಿಸಿಕೊಂಡಿದ್ದೇನೆ. ನಮ್ಮ ಮನೆಯ ಸುದ್ದಿ ನಮ್ಮಿಬ್ಬರ ಹೊರತು ಚರ್ಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಳೆಯ ಮಾತಂತೂ ನಮಗೇ ಗೊತ್ತಿರಲಿಲ್ಲ. ಮುಂದಿನ ಭಾನುವಾರ ರೂತಳನ್ನು ಒಂದು ಕಡೆ ಕರೆದು, ಆ ಮಾಮಾನ ವಿಷಯ ನಿನಗೆ ಯಾರು ಹೇಳಿದರು ಎಂದು ಕೇಳಿದೆ.

"ಯಾರೂ ಹೇಳಿಲ್ರೀ ಟೀಚರ್. ಕಣ್ಣ ಮುಚ್ಚಿದಾಗ ಅಲ್ಲೇ ಇದ್ದ. ನಿಮಗ ಕಣ್ಣ ಮುಚ್ಚಿದಾಗ ಯಾರೂ ಕಾಣಂಗಿಲ್ಲೇನ್ರೀ?"

ಇಲ್ಲ ಎಂದೆ. ಅವಳಿಗೆ ನನ್ನನ್ನು ನೋಡಿ ಪಾಪ ಅನಿಸಿರಬೇಕು, ನನ್ನ ಕೈ ಹಿಡಿದುಕೊಂಡಳು.

ಬಾಯಿಪಾಠ ಮಾಡಿಸುವುದನ್ನು ಅಂದಿಗೇ ಬಿಟ್ಟೆ. ಅವ್ವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ, ನನಗೆ ಇದರ ಅರ್ಥ ಇನ್ನೂ ಆಗಿಲ್ಲ. ಇವತ್ತಿಗೂ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ನನಗೆ ಕತ್ತಲೆಯೇ ಕಾಣುವುದು. ಆದರೂ ಎಲ್ಲರೂ ಆಮೆನ್ ಅಂದ ಮೇಲೆ ನಾನು ಇನ್ನೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇರುತ್ತೇನೆ.