ಉಜ್ಜದೆ ಬಿಟ್ಟ ಅಂಗೈಯಗಲ

ಸರಕಾರಿ ನಕ್ಷೆಗಳ ಅಚ್ಚಿನ ಮನೆಯ ಹಿಂದೆ ತಗಡು ಹೊದಿಸಿದ ಒಂದು ಕೊಠಡಿಯಿತ್ತು. ಅಲ್ಲಿ ಮೂವತ್ತೊಂದು ವರ್ಷ ಕೂತು ದೇಶ ಅಳಿಸಿದವಳು ಕಲ್ಲಕ್ಕ. ಮಾತು ದೊಡ್ಡದಾಯಿತು ಅನ್ನಬೇಡಿ, ಅವಳ ಕೆಲಸವೇ ಅದು. ಆಗೆಲ್ಲ ನಕ್ಷೆಗಳನ್ನು ನುಣುಪಾದ ದೊಡ್ಡ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆಯುತ್ತಿದ್ದರು. ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಎಳೆದರೆ ಗೆರೆ ಇದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಮೇಲೆ ಕಾಗದ ಒತ್ತಿದರೆ ನಕ್ಷೆ ಬರುತ್ತದೆ. ಬೇಕಾದಷ್ಟು ಪ್ರತಿ ತೆಗೆದ ಮೇಲೆ ಅದೇ ಕಲ್ಲಿಗೆ ಮರಳು, ನೀರು ಹಾಕಿ, ಕೈಗಲ್ಲಿನಿಂದ ಉಜ್ಜಿ ಉಜ್ಜಿ ಬೋಳು ಮಾಡಬೇಕು, ಮುಂದಿನ ನಕ್ಷೆಗೆ.

ತೊಂದರೆ ಏನೆಂದರೆ ಕಲ್ಲು ಜಿಡ್ಡು ಕುಡಿಯುತ್ತದೆ. ಗೆರೆ ಮೇಲೆ ಕಾಣದಿದ್ದರೂ ಒಳಗೆ ಇಳಿದಿರುತ್ತದೆ. ಸಾಕಷ್ಟು ಉಜ್ಜದಿದ್ದರೆ ಹೊಸ ನಕ್ಷೆಯ ಜೊತೆಗೆ ಹಳೆಯದೂ ಮಸಿ ಹಿಡಿದು ಎದ್ದು ಬರುತ್ತದೆ. ಕೆಲಸಗಾರರು ಅದನ್ನು ದೆವ್ವ ಎನ್ನುತ್ತಿದ್ದರು. ಕಲ್ಲಕ್ಕನ ಕಲ್ಲಿನಲ್ಲಿ ಒಂದು ದಿನವೂ ದೆವ್ವ ಎದ್ದದ್ದಿಲ್ಲ. ಅವಳು ಉಜ್ಜಿದ ಕಲ್ಲನ್ನು ಯಾರೂ ಪರೀಕ್ಷಿಸುತ್ತಲೇ ಇರಲಿಲ್ಲ. ಅವಳಿಗೆ ಬೇರೆ ಯಾವುದರ ಜಂಬವೂ ಇರಲಿಲ್ಲ, ಇದೊಂದರದು ಮಾತ್ರ ಬೆಟ್ಟದಷ್ಟಿತ್ತು.

ಕೆಲಸ ಅಪ್ಪನಿಂದ ಬಂದದ್ದು. "ದಪ್ಪ ಮರಳಲ್ಲಿ ನೂರು ಸುತ್ತು, ಸಣ್ಣ ಮರಳಲ್ಲಿ ನೂರು ಸುತ್ತು, ಮಧ್ಯೆ ಮಾತಿಲ್ಲ" ಎಂದು ಕೂರಿಸಿದ್ದ. ಅಕ್ಷರ ಕಲಿತದ್ದೂ ಅಲ್ಲೇ. ಕಾಗದಕ್ಕೆ ಒತ್ತಿದಾಗ ನೆಟ್ಟಗಾಗಲೆಂದು ಕಲ್ಲಿನ ಮೇಲೆ ಎಲ್ಲವನ್ನೂ ತಿರುಗಿಸಿ ಬರೆದಿರುತ್ತಾರಲ್ಲ, ಕಲ್ಲಕ್ಕನಿಗೆ ಓದಲು ಬರುತ್ತಿದ್ದದ್ದು ಆ ತಿರುಗಿದ ಅಕ್ಷರ ಮಾತ್ರ. ಪತ್ರಿಕೆ ಓದಬೇಕಾದರೆ ಕನ್ನಡಿ ಹಿಡಿಯಬೇಕು. ಅಚ್ಚಿನ ಮನೆಯ ನಕ್ಷೆಗಾರ ಅವಳನ್ನು ಮೆಚ್ಚಿ ಮೊದಲ ಕಾಗದ ಬರೆದಾಗ ಎರಡು ಹಾಳೆ ಪೂರ್ತಿ ತಿರುಗಿಸಿ ಬರೆದಿದ್ದ. ಆ ಒಂದು ಬುದ್ಧಿವಂತಿಕೆಗೆ ಅವಳು ಸೋತಳು. ಮದುವೆಯಾದ ಮೇಲೆ ಅವರ ವಿಷಯದಲ್ಲಿ ಊರಿಗೆ ಒಂದು ತಮಾಷೆ ಸಿಕ್ಕಿತು: ಗಂಡ ಬರೆಯುತ್ತಾನೆ, ಹೆಂಡತಿ ಅಳಿಸುತ್ತಾಳೆ.

ದೇಶದ ಚರಿತ್ರೆಯನ್ನು ಬೇರೆಯವರು ಶಾಲೆಯಲ್ಲಿ ಓದಿದರು, ಕಲ್ಲಕ್ಕ ಅದನ್ನು ಅಪ್ಪನ ಬಾಯಿಂದ, ಮರಳು ಜರಡಿ ಹಿಡಿಯುತ್ತ ಕೇಳಿದಳು. ಮೊದಲು ದೋಣಿಗಳಲ್ಲಿ ಹದಿನೇಳು ಮನೆಯವರು ಬಂದಿಳಿದರು. ನದಿ ಕಡಲು ಸೇರುವಲ್ಲಿ ನೀರು ಉಪ್ಪು. ಅವರಲ್ಲೊಬ್ಬಳು ಸೂಲಗಿತ್ತಿ, "ಸಿಹಿನೀರಿಲ್ಲದೆ ಇಲ್ಲಿ ಒಂದು ಮಗೂನೂ ಹುಟ್ಟಿಸೋದಿಲ್ಲ" ಎಂದು ಹಟ ಹಿಡಿದು ಕೂತಳಂತೆ. ಗಂಡಸರು ಗೊಣಗುತ್ತ ಬಾವಿ ತೋಡಿದರು. ಬಾವಿಯ ಸುತ್ತ ಒಂದು ಬೀದಿಯಾಯಿತು, ಬೀದಿಯಿಂದ ಊರು, ಊರಿನಿಂದ ದೇಶ. ಕಡಲಿನ ಬಂಡೆ, ನದಿಯ ತಿರುವು, ಬಾವಿ, ಮನೆಗಳು ಎಲ್ಲವನ್ನೂ ಅವರು ಒಂದು ಬಟ್ಟೆಯ ಮೇಲೆ ಬರೆದಿಟ್ಟುಕೊಂಡಿದ್ದರು.

ಆಮೇಲೆ ಹಡಗಿನಲ್ಲಿ ಪರದೇಶದವರು ಬಂದರು. ಮೂಟೆ ಒಣಗಿಸಲು ಒಂದಿಷ್ಟು ಜಾಗ ಕೇಳಿದರು. ಜಾಗಕ್ಕೆ ಗೋಡೆ ಕಟ್ಟಿದರು, ಗೋಡೆಯ ಮೇಲೆ ತೋಪು ಇಟ್ಟರು, ತೋಪಿನ ಪಕ್ಕ ಬಾವುಟ ನೆಟ್ಟರು. ಅಷ್ಟು ಹೊತ್ತಿಗೆ ಬೇಡ ಅನ್ನಲು ಯಾರಿಗೂ ಬಾಯಿ ಉಳಿದಿರಲಿಲ್ಲ. ಅಚ್ಚಿನ ಯಂತ್ರ ತಂದವರೂ ಅವರೇ. ಕಡಲಿನ ಬಂಡೆಗಳು ಎಲ್ಲೆಲ್ಲಿವೆ ಎಂದು ಅವರಿಗೆ ಗೊತ್ತಿರಲಿಲ್ಲವಾಗಿ ಮೊದಲು ಅಚ್ಚು ಹಾಕಿದ್ದು ಆ ಬಟ್ಟೆಯ ನಕ್ಷೆಯನ್ನೇ. ಅದಕ್ಕೆ ಕಲ್ಲು ಹೊತ್ತವನು ಕಲ್ಲಕ್ಕನ ತಾತ.

ಹತ್ತಾರು ವರ್ಷ ಕಳೆದು ಅವರದೇ ನಕ್ಷೆ ಬಂತು. ದಡದ ಗೆರೆ, ಅಳತೆ ಎಲ್ಲ ಹಳೆಯದೇ, ಹೆಸರುಗಳು ಮಾತ್ರ ಹೊಸವು. ಗುಡ್ಡಕ್ಕೆ ಯಾರೋ ಅಧಿಕಾರಿಯ ಹೆಂಡತಿಯ ಹೆಸರು. ಬಾವಿಯ ಬೀದಿ ಇದ್ದಲ್ಲಿ 'ಬಯಲು' ಎಂದಿತ್ತು, ಅದರ ಅಂಚಿನಲ್ಲಿ ಅವರ ಸಿಪಾಯಿಗಳು ಕವಾಯತು ಮಾಡುತ್ತಿದ್ದರೆಂದು. ಬೀದಿಯಲ್ಲಿ ಮನೆಗಳಿದ್ದವು, ಮನೆಗಳಲ್ಲಿ ಜನರಿದ್ದರು, ನಕ್ಷೆಯಲ್ಲಿ ಮಾತ್ರ ಬಯಲು. ಹಳೆಯ ಕಲ್ಲನ್ನು ಉಜ್ಜಿಬಿಡು ಎಂದು ಅಪ್ಪಣೆಯಾಯಿತು. ಕಲ್ಲಕ್ಕನ ಅಪ್ಪ ಆಗಲಿ ಎಂದು ತಲೆಯಾಡಿಸಿ, ಆ ಕಲ್ಲನ್ನು ಬೋರಲು ಹಾಕಿ, ಮೇಲೆ ನೀರಿನ ಪೀಪಾಯಿ ಇಟ್ಟುಬಿಟ್ಟ. ಆ ಮನುಷ್ಯ ಬದುಕಿನಲ್ಲಿ ಹೇಳಿದ ಸುಳ್ಳು ಅದೊಂದೇ ಇರಬೇಕು. ಸಾಯುವ ಮುಂಚೆ ಮಗಳಿಗೊಬ್ಬಳಿಗೆ ಹೇಳಿದ.

ಪರದೇಶದವರು ಸುಮ್ಮನೆ ಹೋಗಲಿಲ್ಲ. ಜನ ಜೈಲು ತುಂಬಿದರು, ಏಟು ತಿಂದರು. ಅಚ್ಚಿನ ಮನೆಯವರೂ ಮುಷ್ಕರ ಹೂಡಿ ಮೂರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ನಕ್ಷೆಗಾರನ ಷರಟು ಆಗ ಸಡಿಲವಾದದ್ದು ಮತ್ತೆಂದೂ ಬಿಗಿಯಾಗಲಿಲ್ಲ. ಕೊನೆಗೆ ಪರದೇಶದವರು ಹೊರಟರು. ಹೋಗುವಾಗ ಒಳ್ಳೆಯ ದೊಡ್ಡ ಕಲ್ಲುಗಳನ್ನೆಲ್ಲ ಹಡಗಿಗೆ ಹೇರಿಕೊಂಡರು. ಹೊಸ ಬಾವುಟ ಏರಿಸುವುದಕ್ಕೆ ದಿನ ಗೊತ್ತಾಯಿತು. ಅಂದು ಸಭಾಭವನದ ಗೋಡೆಗೆ ಸ್ವಂತ ದೇಶದ ಮೊದಲ ನಕ್ಷೆ ತೂಗುಹಾಕಬೇಕು ಎಂದು ಅಚ್ಚಿನ ಮನೆಗೆ ಹುಕುಂ ಬಂತು.

ಅದೇ ವಾರ ಬಾವಿಯ ಬೀದಿಗೆ ಬಂದರಿನ ಹೊಸ ಎಂಜಿನಿಯರು ಬಂದು, ಈ ಬಯಲಿನಲ್ಲಿ ಗೋದಾಮು ಕಟ್ಟುತ್ತೇವೆ ಎಂದರು. ಅರವತ್ತು ಮನೆಗಳವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಹಳೆಯ ಕಾಗದ ಪತ್ರ ಹಿಡಿದು ಹೋದವರಿಗೆ ಎಂಜಿನಿಯರು, "ಹಳೇದೆಲ್ಲ ಮುಗೀತು. ನಾನು ನೋಡೋದು ನಮ್ಮ ದೇಶದ ಹೊಸ ನಕ್ಷೆ ಮಾತ್ರ. ಅದರಲ್ಲಿ ಇದ್ದದ್ದನ್ನ ಕೆಡವಲ್ಲ, ಇಲ್ಲದ್ದು ನನಗೆ ಕಾಣಲ್ಲ" ಎಂದರು. ಕೆಟ್ಟ ಮನುಷ್ಯರೇನಲ್ಲ. ಹೊಸ ದೇಶಕ್ಕೆ ಹೊಸ ಅಧಿಕಾರಿ, ಅವಸರದಲ್ಲಿದ್ದರು.

ನಕ್ಷೆಯ ಕರಡು ಬರೆದವನು ಅದೇ ಬೀದಿಯ ಕೊನೆಯ ಮನೆಯವನು, ಕಲ್ಲಕ್ಕನ ಗಂಡ. ಕರಡನ್ನು ಅವಳು ಕನ್ನಡಿಯಲ್ಲಿ ಹಿಡಿದು ನೋಡಿ, ಊಟಕ್ಕೆ ಕೂತವನ ಮುಂದೆ ನಿಂತಳು.

"ಬೀದಿ ಎಲ್ರೀ?"

"ಪರದೇಶದವರ ಮೂಲದಲ್ಲಿ ಇಲ್ಲ ಕಣೇ."

"ಈಗ ನೀವು ಕೂತಿರೋದು ಎಲ್ಲಿ?"

"ಮನೇಲಿ."

"ಮನೆ ಎಲ್ಲಿದೆ?"

ಅವನು ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿದ. "ಬಯಲಲ್ಲಿ" ಎಂದ.

ಕಲ್ಲಕ್ಕನಿಗೆ ನಗುವೂ ಬಂತು, ಕಣ್ಣೀರೂ ಬಂತು. "ನಾನು ನಕಲು ಮಾಡೋನು" ಎಂದ ಅವನು ಮೆಲ್ಲಗೆ. "ಮೂಲದಲ್ಲಿ ಇಲ್ಲದ ಒಂದು ಚುಕ್ಕಿ ಸೇರಿಸಿದ್ರೂ ನನ್ನ ಎಬ್ಬಿಸ್ತಾರೆ. ನಾಳೆ ಇನ್ನೊಬ್ಬನ್ನ ಕೂರಿಸಿ ಇದನ್ನೇ ಬರೆಸ್ತಾರೆ. ಬೀದಿ ಆಗಲೂ ಇರಲ್ಲ." ಅದು ನಿಜವಾದ್ದರಿಂದ ಅವಳಿಗೆ ಇನ್ನೂ ಸಿಟ್ಟು ಬಂತು. ಎರಡು ದಿನ ಅವನೊಂದಿಗೆ ಮಾತು ಬಿಟ್ಟಳು. ನೀರು ಕೊಡುವಾಗ ಚೊಂಬು ಮಾತ್ರ ಠಣ್ಣೆಂದು ಮಾತಾಡುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಮೇನೇಜರು ಹಿಂದಿನ ಕೊಠಡಿಗೆ ಬಂದರು. ದೊಡ್ಡ ಕಲ್ಲಿಲ್ಲದೆ ತಲೆ ಕೆಡಿಸಿಕೊಂಡಿದ್ದರು, ಪಾಪ. ಅವರ ಕಣ್ಣು ಪೀಪಾಯಿಯ ಅಡಿಗೆ ಹೋಯಿತು.

"ಅದೇನು ಕಲ್ಲಕ್ಕ, ಅಡಿಯಲ್ಲಿ?"

"ಪೀಪಾಯಿ ಕಲ್ಲು ಸಾರ್."

ನಾಲ್ವರು ಸೇರಿ ಕಲ್ಲನ್ನು ಮಗುಚಿದರು. ಹದಿನೇಳು ಮನೆ, ಬಾವಿ, ಬೀದಿ, ಎಲ್ಲ ನಿನ್ನೆ ಬರೆದ ಹಾಗಿತ್ತು. ಮೇನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಒಂದು ಪ್ರತಿ ತೆಗೆದಿಟ್ಟುಕೊಳ್ಳೋಣವೆ ಎಂದು ಕಲ್ಲಕ್ಕ ಕೇಳಿದಳು. "ಅಪ್ಪಣೆ ಇಲ್ಲದೆ ನಕ್ಷೆ ಒತ್ತೋ ಹಾಗಿಲ್ಲ, ನಿನಗೇ ಗೊತ್ತು. ಬೇರೆ ಕಲ್ಲೂ ಇಲ್ಲ" ಎಂದು ನಿಟ್ಟುಸಿರಿಟ್ಟು, "ಸಂಜೆಯೊಳಗೆ ಉಜ್ಜಿಬಿಡು ತಾಯಿ" ಎಂದು ಹೊರಟುಹೋದರು.

ಕಲ್ಲಕ್ಕ ಮರಳು ಹಾಕಿದಳು. ಕಡಲು ಹೋಯಿತು, ನದಿ ಹೋಯಿತು, ತಾತ ಹೊತ್ತದ್ದು, ಅಪ್ಪ ಬಚ್ಚಿಟ್ಟದ್ದು ಬೂದು ಕೆಸರಾಗಿ ಅವಳ ಮೊಣಕೈಯಿಂದ ತೊಟ್ಟಿಕ್ಕಿತು. ಬಾವಿಯ ಬೀದಿಗೆ ಬಂದಾಗ ಅದರ ಮೇಲೆ ಅಂಗೈ ಇಟ್ಟಳು. ಸರಿಯಾಗಿ ಅಂಗೈಯಗಲ ಇತ್ತು. ದಪ್ಪ ಮರಳಿನ ನೂರು ಸುತ್ತು ಅಲ್ಲಿ ಬೀಳಲಿಲ್ಲ. ಸಣ್ಣ ಮರಳಿನಲ್ಲಿ ಗೆರೆ ಮಾಯುವಷ್ಟು ಮಾತ್ರ ಸವರಿ, ಸುತ್ತಲಿನ ನುಣುಪಿಗೆ ಹೊಂದಿಸಿದಳು. ತೊಳೆದ ಮೇಲೆ ಕಲ್ಲು ಪೂರಾ ಬೋಳು.

ಗಂಡ ಎರಡು ದಿನ ಆ ಕಲ್ಲಿನ ಮೇಲೆ ಬಗ್ಗಿ ಬರೆದ. ಬರೆಯುವಾಗ ಬೀದಿ ಇದ್ದ ಮೂಲೆಯಲ್ಲಿ ಬೆರಳಾಡಿಸಿ ಬಹಳ ಹೊತ್ತು ತಡೆದ ಎಂದು ಆಮೇಲೆ ಯಾರೋ ಹೇಳಿದರು.

ಅಚ್ಚಿನ ದಿನ ನಕ್ಷೆ ಒಯ್ಯಲು ಎಂಜಿನಿಯರೇ ಬಂದಿದ್ದರು. ಮಾರನೆಯ ಬೆಳಿಗ್ಗೆ ಬಾವುಟ. ಮೊದಲ ಹಾಳೆ ಎತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಜಿನಿಯರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದವರು ಹಾಗೇ ನಿಂತುಬಿಟ್ಟರು. ಬಂದರಿನ ಪಕ್ಕದಲ್ಲಿ ತೆಳ್ಳಗೆ, ಬೂದುಬಣ್ಣದಲ್ಲಿ ಒಂದು ಬೀದಿ. ಎರಡೂ ಕಡೆ ಮನೆಗಳು. ನಡುವೆ ಬಾವಿಯ ದುಂಡು ಗುರುತು. 'ಬಯಲು' ಎಂಬ ಮಾತು ಎರಡು ಬೆರಳಿನಷ್ಟು ಆಚೆಗೆ ಸರಿದು ಕೂತಿತ್ತು. ಒಂದು ಚುಕ್ಕಿಯನ್ನೂ ಅಲುಗಿಸದ ಗಂಡಸು, ಜಾಗ ಬಿಟ್ಟುಕೊಟ್ಟಿದ್ದ. ಕಲ್ಲಕ್ಕನಿಗೆ ಆ ಹುಚ್ಚುಗಂಡನ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಏನೆಂದು ಹೇಳುವುದು.

"ಇದನ್ನ ಯಾರು ಸೇರಿಸಿದ್ದು?" ಎಂದರು ಎಂಜಿನಿಯರು. "ಸರಕಾರಿ ನಕ್ಷೆ ತಿದ್ದೋದು ಅಂದ್ರೆ ಏನು ಗೊತ್ತಾ?"

ನಕ್ಷೆಗಾರನ ಮುಖದಲ್ಲಿ ರಕ್ತವಿರಲಿಲ್ಲ. ಅವನು ಬಾಯಿ ತೆರೆಯುವ ಮುಂಚೆ ಕಲ್ಲಕ್ಕ ಮುಂದೆ ಬಂದಳು. ಬೇಕೆಂದೇ ಮಾಡಿದ್ದು ಎಂದರೆ ಹಾಳೆಗಳಿಗೆ ಬೆಂಕಿ, ಇಬ್ಬರ ಕೆಲಸಕ್ಕೂ ಎಳ್ಳುನೀರು, ಬೀದಿಗೆ ಗೋದಾಮು. ಉಳಿದದ್ದು ಒಂದೇ ಮಾತು. ಇಷ್ಟು ವರ್ಷ ಅವಳ ನಾಲಿಗೆಗೆ ಬಾರದಿದ್ದ ಮಾತು.

"ಯಾರೂ ಸೇರಿಸಿಲ್ಲ ಸಾರ್. ನಾನು ಸರಿಯಾಗಿ ಉಜ್ಜಲಿಲ್ಲ. ನನ್ನ ಕೈ ತಪ್ಪು."

ಅಚ್ಚಿನ ಮನೆಯಲ್ಲಿ ಉರುಳೆ ನಿಂತಿತು. ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲಕ್ಕನ ಕಲ್ಲಿನಲ್ಲಿ ದೆವ್ವ. ಅವಳ ಕಿವಿ ಕೆಂಪಾಗಿತ್ತು.

"ಸೇರಿಸದೆ ಹೇಗೆ ಬರುತ್ತೆ?"

"ಮೊದಲು ಬಂದವರ ನಕ್ಷೆ ಈ ಕಲ್ಲಲ್ಲಿತ್ತು ಸಾರ್. ಕಲ್ಲಲ್ಲಿ ಇದ್ದದ್ದು ಮಾತ್ರ ಏಳುತ್ತೆ. ಇಲ್ಲದ್ದು ಏಳಲ್ಲ. ಬೇಕಾದ್ರೆ ಇವರನ್ನ ಕೇಳಿ."

ಎಂಜಿನಿಯರು ಮೇನೇಜರ ಕಡೆ ತಿರುಗಿದರು. ಆ ಮೂಲೆ ಕೈ ತಪ್ಪೋ ಕೈಚಳಕವೋ ಎಂದು ಮೇನೇಜರಿಗೆ ತಿಳಿಯದೆ ಇರುತ್ತದೆಯೆ? ಅವರು ಕನ್ನಡಕ ತೆಗೆದು ಒರೆಸಿದರು. "ಹೌದು. ಪರದೇಶದವರು ಬರೋಕೆ ಮುಂಚಿನ ನಕ್ಷೆ, ನಾನೇ ನೋಡಿದ್ದೀನಿ" ಎಂದರು. "ಇವಳು ಸ್ವಲ್ಪ ಸೋಮಾರಿ ಸಾರ್. ಮತ್ತೆ ಉಜ್ಜಿ ಬರೆದು ಒತ್ತೋಕೆ ನಾಲ್ಕು ದಿನ ಬೇಕು. ನಾಳೆ ಗೋಡೆ ಖಾಲಿ ಬಿಡಬಹುದಾ?"

ಎಂಜಿನಿಯರು ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದು ಬಹಳ ಹೊತ್ತು ಬಾವಿಯನ್ನೇ ನೋಡಿದರು. ಆಮೇಲೆ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದರು. ಮಾರನೆಯ ದಿನ ಅದು ಗೋಡೆಗೇರಿತು. ತಾವು ಆಡಿದ ಮಾತನ್ನು ಅವರು ಉಳಿಸಿಕೊಂಡರು. ಗೋದಾಮು ಕವಾಯತಿನ ಜಾಗದಲ್ಲಿ ಎದ್ದಿತು. ಕಲ್ಲಕ್ಕನ ಹೆಸರಿಗೆ ಮಾತ್ರ ಕಡತದಲ್ಲಿ ಒಂದು ಎಚ್ಚರಿಕೆಯ ಪತ್ರ ಸೇರಿತು. ಅದರ ಕೆಳಗೆ ಅವಳು ತಿರುಗಿಸಿ ಹಾಕಿದ ರುಜು ಇದೆ.

ಮೊದಲ ನಕ್ಷೆಯ ಕಲ್ಲೆಂದು ಅದನ್ನು ಉಜ್ಜದೆ ಅಚ್ಚಿನ ಮನೆಯ ಮುಂದಿನ ಜಗಲಿಯಲ್ಲಿ ನಿಲ್ಲಿಸಿದರು. ನಿವೃತ್ತಿಯಾದ ಮೇಲೂ ಕಲ್ಲಕ್ಕ ಬೆಳಿಗ್ಗೆ ಬಂದು ಅದರ ಧೂಳು ಒರೆಸಿ ಹೋಗುತ್ತಿದ್ದಳು. ಒಮ್ಮೆ ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆತಂದು, ಕೋಲಿನಿಂದ ಆ ಮೂಲೆ ತೋರಿಸಿ, "ಈ ಬೂದುಗೆರೆ ನೋಡಿ. ಇಲ್ಲಿ ಕಲ್ಲು ಉಜ್ಜಿದವಳು ಶುದ್ಧ ಸೋಮಾರಿ. ಕೆಲಸದಲ್ಲಿ ಶ್ರದ್ಧೆ ಇಲ್ಲದಿದ್ರೆ ಹೀಗಾಗುತ್ತೆ" ಎಂದು ಬುದ್ಧಿ ಹೇಳಿದರು.

ಪಕ್ಕದಲ್ಲಿ ಒದ್ದೆಬಟ್ಟೆ ಹಿಡಿದು ನಿಂತಿದ್ದ ಮುದುಕಿಯನ್ನು ಒಂದು ಹುಡುಗಿ, "ಹೌದಾ ಅಜ್ಜಿ?" ಎಂದು ಕೇಳಿದಳು.

"ಹೌದು ಮಗಾ" ಎಂದಳು ಕಲ್ಲಕ್ಕ. "ಶುದ್ಧ ಸೋಮಾರಿ. ನೀನು ಯಾವ ಬೀದಿಯವಳು?"

"ಬಾವಿ ಬೀದಿ."